ಪೇಟೆಯ ತಲೆಯ ಮೇಲಿನ ಗೋಪುರ

ಪೇಟೆಗೆ ಹೆಸರು ಬರುವ ದಾರಿ ಒಂದೇ ಅಲ್ಲ. ಕೊಡಗಿನ ಬಡಗಣ ಸೀಮೆಯಲ್ಲಿ ಅದು ವಾರದಿಂದ ಬಂದಿದೆ. ಸೋಮವಾರ ಸಂತೆ ಕೂಡುತ್ತಿದ್ದ ಜಾಗವು ಸೋಮವಾರಪೇಟೆಯಾಯಿತು; ಅಲ್ಲಿಂದ ಇನ್ನಷ್ಟು ಉತ್ತರಕ್ಕೆ ಶನಿವಾರಸಂತೆಯೆಂಬ ಊರೇ ಉಂಟು. ಕಟ್ಟಡವಿರಲಿ ಇಲ್ಲದಿರಲಿ, ಜನ ಕೂಡುವ ದಿನವೊಂದು ಗೊತ್ತಾಗಿದ್ದರೆ ಪೇಟೆ ತಾನಾಗಿ ಹುಟ್ಟುತ್ತದೆಂಬ ನಂಬಿಕೆ ಈ ಹೆಸರುಗಳಲ್ಲಿ ಅಡಗಿದೆ. ಬೆಂಗಳೂರಿನಲ್ಲಿ ಸರಕೇ ಹೆಸರನ್ನು ಕೊಟ್ಟಿತು. 1537ರಲ್ಲಿ ಕೆಂಪೇಗೌಡನು ಕಟ್ಟಿಸಿದನೆಂದು ಹೇಳುವ ಪೇಟೆಯೊಳಗೆ ಅಕ್ಕಿಪೇಟೆ, ರಾಗಿಪೇಟೆ, ಅರಳೆಪೇಟೆ, ಬಳೇಪೇಟೆ ಎಂದು ಬೀದಿಬೀದಿಗೂ ಅಲ್ಲಿ ಮಾರುವ ಪದಾರ್ಥದ ಹೆಸರೇ ನಿಂತಿತು. ನಗರ್ತರು, ಗಾಣಿಗರು ಮೊದಲಾದವರ ಕೇರಿಗಳು ಅವರವರ ಹೆಸರನ್ನು ಪಡೆದುವು. ಅದೇ ಊರಿನಲ್ಲಿ 1973ರಲ್ಲಿ ಮುಗಿದ ಒಂದು ವ್ಯಾಪಾರದ ಕಟ್ಟಡಕ್ಕೆ ವಾರದ ಹೆಸರೂ ಇಲ್ಲ, ಸರಕಿನ ಹೆಸರೂ ಇಲ್ಲ. ಅದು ‘ಪಬ್ಲಿಕ್ ಯುಟಿಲಿಟಿ ಬಿಲ್ಡಿಂಗ್’. ಕಾಗದಪತ್ರಗಳಲ್ಲಿ ಅದಕ್ಕೆ ಸುಭಾಷಚಂದ್ರ ಬೋಸರ ಹೆಸರೂ ಕೂಡಿದೆ. ಜನರ ಬಾಯಲ್ಲಿ ಅದು ಬರಿಯ ಯುಟಿಲಿಟಿ ಬಿಲ್ಡಿಂಗು. ಮಹಾತ್ಮಾ ಗಾಂಧಿ ರಸ್ತೆಯ ಮೇಲೆ 25 ಅಂತಸ್ತು, ಸುಮಾರು 106 ಮೀಟರಿನ ನಿಲುವು. ಬುಡದಲ್ಲಿ ಅಂಗಡಿ, ಮೇಲೆ ಕಚೇರಿ.

ಸಾಹಿತ್ಯದ ಪತ್ರಿಕೆಯಲ್ಲಿ ಕಟ್ಟಡದ ವಿಮರ್ಶೆ ಏತಕ್ಕೆಂದು ಕೇಳುವವರು ಹಳೆಯ ಚಂಪೂಕಾವ್ಯಗಳನ್ನು ನೆನೆದರೆ ಸಾಕು. ಅಷ್ಟಾದಶ ವರ್ಣನೆಗಳಲ್ಲಿ ಪುರವರ್ಣನೆಯೂ ಒಂದು. ಪುರವರ್ಣನೆಯೆಂದೊಡನೆ ಅಂಗಡಿವೀದಿಯೂ ಮುಗಿಲನ್ನು ಮುಟ್ಟುವ ಕರುಮಾಡಗಳೂ ಬಂದೇ ಬರುವುವು. ಆದರೆ ಇವೆರಡಕ್ಕೂ ಕವಿಸಮಯದಲ್ಲಿ ಬೇರೆಬೇರೆ ನೆಲೆ ಉಂಟು. ಕರುಮಾಡ ಅರಸನದು ಅಥವಾ ಸಿರಿವಂತನದು, ಅಂಗಡಿವೀದಿ ಊರಿನದು. ಅಂಗಡಿಯನ್ನು ಕರುಮಾಡದ ಅಡಿಗೆ ಸೇರಿಸಿ, ನೆತ್ತಿಯವರೆಗೆ ಕಚೇರಿಗಳನ್ನು ಪೇರಿಸಿ, ಎಲ್ಲವನ್ನೂ ಒಂದೇ ಕಾಯವಾಗಿ ನಿಲ್ಲಿಸಿದ್ದು ಇತ್ತೀಚಿನವರ ಕಲ್ಪನೆ. ಕಲ್ಪನೆಯೆಂದ ಮೇಲೆ ಅದು ಕೃತಿ. ಕೃತಿಯೆಂದ ಮೇಲೆ ಅದರ ಔಚಿತ್ಯವನ್ನು ವಿಚಾರಿಸಬಹುದು. ಹನ್ನೊಂದನೆಯ ಶತಮಾನದ ಕಾಶ್ಮೀರದ ಕ್ಷೇಮೇಂದ್ರನು ಕಾವ್ಯದ ಜೀವವೆಂದು ಹಿಡಿದದ್ದು ಈ ಔಚಿತ್ಯವನ್ನೇ. ಸೊಂಟದ ಪಟ್ಟಿಯನ್ನು ಕೊರಳಿಗೆ ಸುತ್ತಿಕೊಂಡರೆ ಚಿನ್ನ ಎಷ್ಟೇ ಒಳ್ಳೆಯದಾದರೂ ನಗೆಪಾಟಲು ತಪ್ಪದೆಂಬುದು ಅವನ ವಾದದ ತಿರುಳು. ಕಟ್ಟಡದ ವಿಷಯದಲ್ಲಿಯೂ ಇದನ್ನೇ ಕೇಳತಕ್ಕದ್ದು: ಯಾವುದು ಎಲ್ಲಿರಬೇಕೋ ಅಲ್ಲಿದೆಯೆ?

ಮೊದಲು ಚರಿತ್ರೆ. ಶ್ರೀರಂಗಪಟ್ಟಣದಲ್ಲಿ ಬೀಡುಬಿಟ್ಟಿದ್ದ ಇಂಗ್ಲಿಷರ ಸೈನ್ಯವು ಅಲ್ಲಿಯ ಜ್ವರವನ್ನು ತಾಳಲಾರದೆ 1809ರಲ್ಲಿ ಬೆಂಗಳೂರಿಗೆ ಬಂದು ನೆಲಸಿತು. ಕೆಂಪೇಗೌಡನ ಪೇಟೆಗೆ ಮೂಡಲಾಗಿ ದಂಡು ಬೆಳೆಯಿತು. ದಂಡಿನ ನಡುವೆ ಕವಾಯತಿನ ಮೈದಾನ; ಆ ಮೈದಾನದ ತೆಂಕಣ ಅಂಚಿನ ರಸ್ತೆಗೆ ಸೌತ್ ಪೆರೇಡ್ ಎಂದು ಹೆಸರು. ರಸ್ತೆಯ ಒಂದು ಬದಿಗೆ ಮಾತ್ರ ಅಂಗಡಿ, ಇನ್ನೊಂದು ಬದಿಗೆ ಬಯಲು ಮತ್ತು ಮರದ ನೆರಳಿನ ಕಾಲುದಾರಿ. ಒಂದೇ ಬದಿಗೆ ಮುಖವುಳ್ಳ ಈ ಬೀದಿ ಪೇಟೆಯ ಇಕ್ಕಟ್ಟಾದ ಬೀದಿಗಳಿಗಿಂತ ಎಲ್ಲ ರೀತಿಯಲ್ಲಿಯೂ ಭಿನ್ನವಾಗಿದ್ದಿತು. ಅಲ್ಲಿಗೆ ಬರುವ ಗಿರಾಕಿಯೂ ಭಿನ್ನ. ಚಿಕ್ಕಪೇಟೆಯಲ್ಲಿ ಸೀರೆ ಚೌಕಾಸಿ ಮಾಡುವ ಗೃಹಿಣಿಗೆ ಸೌತ್ ಪೆರೇಡಿನ ಗಾಜಿನ ಕಿಟಕಿಗಳ ಹಿಂದೆ ಏನಿದೆಯೆಂಬುದು ಬಹುಕಾಲ ಕೇಳಿದ ಮಾತೇ ಹೊರತು ಕಂಡದ್ದಲ್ಲ.

1881ರಲ್ಲಿ ಮೈಸೂರು ಸಂಸ್ಥಾನವು ಒಡೆಯರಿಗೆ ಮರಳಿ ಬಂದಾಗಲೂ ದಂಡಿನ ಪ್ರದೇಶ ಇಂಗ್ಲಿಷರ ಆಡಳಿತದಲ್ಲಿಯೇ ಉಳಿಯಿತು. ಅದು ಸಂಸ್ಥಾನಕ್ಕೆ ಸೇರಿದ್ದು 1947ರಲ್ಲಿ. 1948ರಲ್ಲಿ ಸೌತ್ ಪೆರೇಡು ಮಹಾತ್ಮಾ ಗಾಂಧಿ ರಸ್ತೆಯಾಯಿತು. ಪೇಟೆಯ ಪುರಸಭೆ, ದಂಡಿನ ಪುರಸಭೆ ಎಂದು ಎರಡಾಗಿದ್ದ ಆಡಳಿತಗಳು 1949ರಲ್ಲಿ ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಹುಟ್ಟಿತು. ಈ ಮೂರು ವರ್ಷಗಳನ್ನು ನೆನಪಿನಲ್ಲಿಟ್ಟುಕೊಳ್ಳದೆ ಯುಟಿಲಿಟಿ ಬಿಲ್ಡಿಂಗನ್ನು ನೋಡಿದರೆ ಅದು ಬರಿಯ ಕಾಂಕ್ರೀಟಿನ ಪೆಟ್ಟಿಗೆಯಾಗಿ ತೋರುವುದು. ನೆನಪಿನಲ್ಲಿಟ್ಟು ನೋಡಿದರೆ ಬೇರೆಯೇ ಸಂಗತಿ ಕಾಣುತ್ತದೆ. ಯಾವ ಬೀದಿಯಲ್ಲಿ ಊರಿನ ಸಾಮಾನ್ಯ ಜನ ಅತಿಥಿಗಳಂತೆ ಅಂಜಿ ನಡೆಯುತ್ತಿದ್ದರೋ ಅದೇ ಬೀದಿಯಲ್ಲಿ, ಎರಡು ಊರುಗಳು ಒಂದಾಗಿ ಕಾಲು ಶತಮಾನ ತುಂಬುವ ಮೊದಲೇ, ಸಾರ್ವಜನಿಕರ ಹೆಸರನ್ನು ಹೊತ್ತ ಕಟ್ಟಡವು ಸುತ್ತಲಿನ ಎಲ್ಲ ಮಾಡುಗಳನ್ನೂ ಮೀರಿ ಎದ್ದು ನಿಂತಿತು. ‘ಪಬ್ಲಿಕ್’ ಎಂಬ ಮಾತಿಗೆ ಆ ರಸ್ತೆಯಲ್ಲಿ ಇದ್ದ ಭಾರ ಬೇರೆ ಕಡೆ ಇರಲಾರದು.

ಎತ್ತರವು ಆ ಕಾಲದಲ್ಲಿ ದೊಡ್ಡ ಮಾತೇ. 1959ರಲ್ಲಿ ಮದರಾಸಿನ ಮೌಂಟ್ ರೋಡಿನಲ್ಲಿ ಜೀವವಿಮಾ ನಿಗಮದ ಕಟ್ಟಡ ಎದ್ದಾಗ ಅದನ್ನು ನೋಡಲು ಊರಿಂದೂರಿಗೆ ಜನ ಹೋಗುತ್ತಿದ್ದರು. 1956ರಲ್ಲಿ ಮುಗಿದ ವಿಧಾನಸೌಧದ ಎತ್ತರಕ್ಕೆ ಯುಟಿಲಿಟಿ ಬಿಲ್ಡಿಂಗಿನ ಎತ್ತರ ಎರಡು ಪಾಲಿಗೂ ಮೀರಿದ್ದು. ಶ್ರವಣಬೆಳಗೊಳದ ಗೊಮ್ಮಟನನ್ನು ಒಬ್ಬನ ಮೇಲೊಬ್ಬನಂತೆ ಆರು ಸಲ ನಿಲ್ಲಿಸಿದರೆ ಹೆಚ್ಚುಕಡಮೆ ಇದರ ನೆತ್ತಿಗೆ ಸಮನಾದೀತು. ಆದರೆ ಗೊಮ್ಮಟನನ್ನು ನೋಡಿದವನಿಗೆ ಎತ್ತರವನ್ನು ಅಳೆಯುವ ಬುದ್ಧಿ ಬರುವುದಿಲ್ಲ. ಯುಟಿಲಿಟಿ ಬಿಲ್ಡಿಂಗನ್ನು ನೋಡಿದವನು ಅಂತಸ್ತುಗಳನ್ನು ಎಣಿಸದೆ ಬಿಡುವುದಿಲ್ಲ. ಎಣಿಕೆಗೆ ಸಿಗುವ ಎತ್ತರ, ಎಣಿಕೆಯನ್ನು ಮರೆಸುವ ಎತ್ತರ ಎಂದು ಎರಡು ಬಗೆ. ಇದು ಮೊದಲನೆಯ ಬಗೆಗೆ ಸೇರಿದ್ದು. ಅದಕ್ಕಾಗಿ ಅದನ್ನು ಹಳಿಯಬೇಕಾದುದಿಲ್ಲ. ಗೊಮ್ಮಟನಿಗೆ ಬಾಡಿಗೆ ತರುವ ಕೆಲಸವಿರಲಿಲ್ಲ.

ಬುಡದಿಂದಲೇ ನೋಡುತ್ತ ಹೋಗುವುದು ಒಳ್ಳೆಯದು. ಅಂಗಡಿಯ ಯೋಗ್ಯತೆ ತಿಳಿಯುವುದು ಅದರ ಹೊಸ್ತಿಲಲ್ಲಿ. ಹಳೆಯ ಪೇಟೆಯ ಅಂಗಡಿಗೆ ಮುಂದೆ ಜಗಲಿ ಇರುತ್ತಿದ್ದಿತು. ಜಗಲಿ ಬೀದಿಯದೂ ಅಲ್ಲ, ಒಳಗಿನದೂ ಅಲ್ಲ. ಕೊಳ್ಳುವ ಮನಸ್ಸು ಇನ್ನೂ ಗಟ್ಟಿಯಾಗದವನು ಕುಳಿತು ಮಾತನಾಡುವ ಜಾಗ. ಶೆಟ್ಟಿಯು ಗಾದಿಯ ಮೇಲೆ ಕುಳಿತೇ ಅವನ ಊರು, ಮಳೆ, ಬೆಳೆ ವಿಚಾರಿಸುವನು. ವ್ಯಾಪಾರ ಕುದುರಿತು, ಕುದುರಲಿಲ್ಲ. ಎದ್ದು ಹೋಗುವವನಿಗೆ ಅವಮಾನವಿಲ್ಲ. ಅದೇ ಕಟ್ಟಡದ ಹಿಂದುಗಡೆ ಅಥವಾ ಮಹಡಿಯ ಮೇಲೆ ಶೆಟ್ಟಿಯ ಸಂಸಾರ. ಹೀಗೆ ಕೆಳಗೆ ಅಂಗಡಿ ಮೇಲೆ ಬೇರೊಂದು ಬಳಕೆ ಎಂಬುದು ಕನ್ನಡನಾಡಿಗೆ ಹೊಸದೇನೂ ಅಲ್ಲ. ಯುಟಿಲಿಟಿ ಬಿಲ್ಡಿಂಗು ಮಾಡಿದ ಹೊಸತೆಂದರೆ, ಮೇಲಿನ ಸಂಸಾರವನ್ನು ಎಬ್ಬಿಸಿ ಆ ಜಾಗದಲ್ಲಿ ಕಡತವನ್ನು ಕೂರಿಸಿದ್ದು. ಸಂಜೆ ಅಂಗಡಿ ಮುಚ್ಚಿದ ಮೇಲೂ ಹಳೆಯ ಮಹಡಿಯಲ್ಲಿ ದೀಪ ಉರಿಯುತ್ತಿದ್ದಿತು, ಮಗು ಅಳುತ್ತಿದ್ದಿತು, ಬೀದಿಗೆ ಒಂದು ಕಣ್ಣು ಇರುತ್ತಿದ್ದಿತು. ಕಚೇರಿಯ ಮಹಡಿಗೆ ಸಂಜೆಯಾದರೆ ಕಣ್ಣಿಲ್ಲ.

ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿದ್ದು ಅದೇ ಕಟ್ಟಡದ ಅಂಗವಾದ ಸಿನಿಮಾ ಮಂದಿರ. ಮೊದಲು ಅದಕ್ಕೆ ಸಿಂಫೊನಿ ಎಂದು ಹೆಸರಿದ್ದಿತು. ತರುವಾಯ ಶಂಕರ್‌ನಾಗ್ ಅವರ ಹೆಸರನ್ನಿಟ್ಟರು. 1990ರಲ್ಲಿ, ಇನ್ನೂ ನಡುವಯಸ್ಸಿಗೆ ಕಾಲಿಡುವ ಮುನ್ನವೇ ಅಪಘಾತದಲ್ಲಿ ತೀರಿಕೊಂಡ ಆ ನಟರು ಮಾಲ್ಗುಡಿ ಎಂಬ ಕಲ್ಪನೆಯ ಊರನ್ನು ತೆರೆಯ ಮೇಲೆ ತಂದವರು. ಸಣ್ಣ ಊರಿನ ಮಾರ್ಕೆಟ್ ರೋಡನ್ನು ಅಷ್ಟು ಅಕ್ಕರೆಯಿಂದ ತೋರಿಸಿದವರ ಹೆಸರು ಮಹಾನಗರದ ಮೊದಲ ಗಗನಚುಂಬಿಯ ಬುಡದಲ್ಲಿ ನಿಂತದ್ದು ಆಕಸ್ಮಿಕವೇ ಇರಬಹುದು. ಆದರೆ ಚಿತ್ರಮಂದಿರದ ದೆಸೆಯಿಂದ ಆ ಬುಡಕ್ಕೆ ಸಂಜೆಯೆಂಬುದೊಂದು ದಕ್ಕಿತು. ಕಚೇರಿಯವರು ಇಳಿದು ಹೋಗುವ ಹೊತ್ತಿಗೆ ಆಟ ನೋಡುವವರು ಬಂದರು. ಇಡೀ ಕಟ್ಟಡದಲ್ಲಿ ಔಚಿತ್ಯ ಚೆನ್ನಾಗಿ ಕೂಡಿದ ಭಾಗ ಇದೇ ಎಂದು ಹೇಳಬೇಕಾಗುತ್ತದೆ.

ಹಂಪೆಯನ್ನು ಇಲ್ಲಿ ನೆನೆಯದೆ ಇರಲಾಗದು. ವಿರೂಪಾಕ್ಷನ ಗುಡಿಯ ಮುಂದಿನ ಅಂಗಡಿಬೀದಿ ಸುಮಾರು ಮುಕ್ಕಾಲು ಕಿಲೋಮೀಟರಿನಷ್ಟು ನೇರವಾಗಿ ಚಾಚಿದೆ. ಅದರ ಪಡುವಣ ತುದಿಗೆ ಸುಮಾರು 50 ಮೀಟರಿನ ಗೋಪುರ. 1443ರಲ್ಲಿ ವಿಜಯನಗರಕ್ಕೆ ಬಂದ ಅಬ್ದುರ್ ರಜಾಕನೂ, ಕೃಷ್ಣದೇವರಾಯನ ಕಾಲದಲ್ಲಿ ಬಂದ ಪೋರ್ತುಗೀಸ ವರ್ತಕ ಪಾಯೆಸನೂ ಆ ರಾಜಧಾನಿಯ ಅಂಗಡಿಬೀದಿಗಳನ್ನು ಕಂಡು ಬೆರಗಾದವರು. ಅಲ್ಲಿ ಗೋಪುರವೂ ಉಂಟು, ಪೇಟೆಯೂ ಉಂಟು, ಒಂದಕ್ಕೊಂದು ಸಂಬಂಧವೂ ಉಂಟು. ಪೇಟೆಯ ಯಾವ ಮೂಲೆಯಲ್ಲಿ ನಿಂತರೂ ಗೋಪುರ ಕಣ್ಣಿಗೆ ಬೀಳುತ್ತದೆ. ದಾರಿ ತಪ್ಪುವ ಭಯವಿಲ್ಲ. ಆದರೆ ಗೋಪುರದ ಭಾರವನ್ನು ಪೇಟೆ ಹೊರುವುದಿಲ್ಲ. ಗೋಪುರದ ಬುಡ ಬಾಗಿಲಾಗಿ ತೆರೆದಿದೆ. ಜನ ಅದರ ಅಡಿಯಲ್ಲಿ ನುಸುಳಿ ಒಳಗೆ ಹೋಗುತ್ತಾರೆ. ಎತ್ತರವನ್ನು ಬಾಗಿಲಿಗೆ ಗುರುತಾಗಿ ಬಳಸಿದ ಜಾಣತನ ಅದು. ಇಪ್ಪತ್ತನೆಯ ಶತಮಾನದ ಗೋಪುರದಲ್ಲಿ ಈ ಕ್ರಮ ತಿರುಗುಮುರುಗಾಯಿತು. ಪೇಟೆಯನ್ನೇ ಪೀಠ ಮಾಡಿ ಗೋಪುರವನ್ನು ಅದರ ತಲೆಯ ಮೇಲೆ ನಿಲ್ಲಿಸಿದರು. 1952ರಲ್ಲಿ ನ್ಯೂಯಾರ್ಕಿನಲ್ಲಿ ಲೀವರ್ ಕಂಪನಿಗಾಗಿ ತಗ್ಗಾದ ಪೀಠದ ಮೇಲೆ ಗಾಜಿನ ನಿಲುಗಂಬದಂತಹ ಕಟ್ಟಡವೊಂದು ಎದ್ದಿತು. ಆ ಮಾದರಿಯನ್ನು ಲೋಕದ ನಾನಾ ಪಟ್ಟಣಗಳು ಅನುಕರಿಸಿದುವು. ಅನುಕರಿಸಿದವರೆಲ್ಲ ಒಂದು ಅಂಶವನ್ನು ಮಾತ್ರ ಮರೆತರು. ಲೀವರ್ ಕಟ್ಟಡದ ನೆಲಮಟ್ಟ ಬಹುಪಾಲು ಬಿಡುಬಯಲು. ಪೀಠವು ಕಂಬಗಳ ಮೇಲೆ ನಿಂತಿತ್ತು, ಬೀದಿಯ ಜನ ಅದರ ಕೆಳಗೆ ನಡೆದು ಹೋಗಬಹುದಾಗಿತ್ತು.

ಇನ್ನು ನಡುಭಾಗ. ಅಂಗಡಿ ಮೇಲೇರಿದಷ್ಟೂ ಗಿರಾಕಿ ಕಡಮೆಯಾಗುತ್ತಾನೆಂಬುದು ಯಾವ ವರ್ತಕನಿಗಾದರೂ ಗೊತ್ತು. ನೆಲಮಟ್ಟದ ಮಳಿಗೆಗೆ ದಾರಿಹೋಕನೇ ಗಿರಾಕಿ. ಮೊದಲ ಮಹಡಿಗೆ ಗೊತ್ತಿದ್ದವನು ಮಾತ್ರ ಬರುವನು. ಅದಕ್ಕೂ ಮೇಲೆ ಕರೆದರೆ ಮಾತ್ರ. ಲಿಫ್ಟು ಈ ಕಷ್ಟವನ್ನು ನೀಗಿಸೀತೆಂದು ಹಿಂದಿನವರು ನಂಬಿದ್ದರು. ಜನರನ್ನು ಹೊರುವ ಲಿಫ್ಟು ವ್ಯಾಪಾರದ ಕಟ್ಟಡಕ್ಕೆ ಮೊದಲು ಬಂದದ್ದು 1857ರಲ್ಲಿ ನ್ಯೂಯಾರ್ಕಿನ ಒಂದು ಪಿಂಗಾಣಿ, ಗಾಜಿನ ಅಂಗಡಿಗೆ. ಐದೇ ಅಂತಸ್ತಿನ ಅಂಗಡಿ ಅದು. ಗಿರಾಕಿಗಾಗಿ ಹುಟ್ಟಿದ ಯಂತ್ರ ಕೊನೆಗೆ ಗುಮಾಸ್ತೆಗೆ ಒದಗಿತು. ಲಿಫ್ಟಿನ ಬಾಗಿಲು ತೆರೆದಾಗ ನಿಲ್ಲುವುದು ಗೊತ್ತಾದ ಅಂತಸ್ತಿನಲ್ಲಿ. ನಡುವೆ ಬೀದಿಯಿಲ್ಲ, ಅಕಸ್ಮಾತ್ತಾಗಿ ಕಣ್ಣಿಗೆ ಬೀಳುವ ಸರಕಿಲ್ಲ, ಹಾದಿಯಲ್ಲಿ ಸಿಗುವ ಪರಿಚಯದವರಿಲ್ಲ. ಸಂತೆಯ ಸೊಗಸೆಲ್ಲ ಇರುವುದು ಬೇಕಾದ್ದನ್ನು ಹುಡುಕುತ್ತ ಬೇಡದ್ದನ್ನು ನೋಡುವುದರಲ್ಲಿ. ಉಪ್ಪು ತರಲು ಹೋದವನು ಬೀಗರ ಮನೆಯ ಸಮಾಚಾರ ತರುತ್ತಾನೆ. 25 ಅಂತಸ್ತಿನ ಕಟ್ಟಡವು ಇಷ್ಟು ಜನರನ್ನು ಒಂದೇ ನೆಲದ ಮೇಲೆ ಕೂಡಿಸಿಯೂ ಒಬ್ಬರನ್ನೊಬ್ಬರು ಸಂಧಿಸದಂತೆ ನೋಡಿಕೊಳ್ಳುತ್ತದೆ. ಮೇಲಿನ ಕಚೇರಿಗೂ ಕೆಳಗಿನ ಅಂಗಡಿಗೂ ಇರುವ ನಂಟು ನೆರೆಮನೆಯ ನಂಟಾಗದೆ ರೈಲುಗಾಡಿಯ ಎರಡು ಡಬ್ಬಿಗಳ ನಂಟಾಗಿಯೇ ಉಳಿಯಿತು. ಕೃತಿಯ ದೊಡ್ಡ ದೋಷ ಇಲ್ಲಿದೆ.

ಕಚೇರಿಗಳ ಗೋಪುರವನ್ನು ಇದಕ್ಕಿಂತ ಹೆಚ್ಚು ಯೋಚನೆಯಿಂದ ಕಟ್ಟಿದ ಉದಾಹರಣೆ ಅದೇ ಊರಿನಲ್ಲಿ ಉಂಟು. 1974ರಿಂದ 1980ರ ಅವಧಿಯಲ್ಲಿ ಜೀವವಿಮಾ ನಿಗಮಕ್ಕಾಗಿ ಚಾರ್ಲ್ಸ್ ಕೊರಿಯಾ ಅವರು ರಚಿಸಿದ ವಿಶ್ವೇಶ್ವರಯ್ಯ ಕೇಂದ್ರವು ಅಂಬೇಡ್ಕರ್ ಬೀದಿಯಲ್ಲಿದೆ. ಒಂದೇ ಕಂಬವಾಗಿ ನಿಲ್ಲದೆ ಅದು ಪೀಠದ ಭಾಗ, ದೊಡ್ಡ ಗೋಪುರ, ಸಣ್ಣ ಗೋಪುರ ಎಂದು ಗುಂಪಾಗಿ ನಿಂತಿದೆ. ಸರ್ಕಾರದ ಇಲಾಖೆಗಳ ವಿಳಾಸಗಳಲ್ಲಿ ಪೋಡಿಯಂ ಬ್ಲಾಕ್, ಮಿನಿ ಟವರ್ ಎಂಬ ಮಾತುಗಳನ್ನು ಓದಿದವರಿಗೆ ಇದರ ಪರಿಚಯ ಆಗಲೇ ಆಗಿದೆ. ಕೊಡಗಿನ ತೋಟದ ಮನೆಗಳಿಗಂತೂ ಆ ಬೀದಿ ಇನ್ನೊಂದು ಕಾರಣಕ್ಕೆ ಚೆನ್ನಾಗಿ ತಿಳಿದದ್ದು. ಕಾಫಿ ಮಂಡಲಿಯ ಕಚೇರಿ ಇರುವುದೂ ಅಲ್ಲಿಯೇ. 1942ರ ಕಾಯಿದೆಯಾದ ಮೇಲೆ ಐದು ದಶಕಗಳ ಕಾಲ ಬೆಳೆಗಾರನ ಕಾಫಿಯೆಲ್ಲ ಮಂಡಲಿಯ ಒಟ್ಟು ರಾಶಿಗೆ ಸೇರಬೇಕಾಗಿತ್ತು. 1990ರ ದಶಕದಲ್ಲಿ ಮಾತ್ರ ತನ್ನ ಬೆಳೆಯನ್ನು ತಾನೇ ಮಾರುವ ಹಕ್ಕು ಅವನಿಗೆ ಮರಳಿತು. ಅಷ್ಟು ಕಾಲ ಸೋಮವಾರಪೇಟೆಯ ಗುಡ್ಡದ ಬೆಳೆಗೆ ಬೆಲೆ ಗೊತ್ತಾಗುತ್ತಿದ್ದುದು ಸಂತೆಯಲ್ಲಿ ಅಲ್ಲ, ಬೆಂಗಳೂರಿನ ಕಚೇರಿಯಲ್ಲಿ. ಮಾರುಕಟ್ಟೆಯು ಕಚೇರಿಯ ಅಡಿಗೆ ಸೇರಿದುದನ್ನು ಕಟ್ಟಡದಲ್ಲಿ ನೋಡುವ ಮೊದಲೇ ಬೆಳೆಗಾರರು ಬದುಕಿನಲ್ಲಿ ನೋಡಿದ್ದರು. ಅದರಿಂದ ಆದ ಲಾಭವೂ ಇಲ್ಲದಿಲ್ಲ: ಯುದ್ಧಕಾಲದಲ್ಲಿ ಬೆಲೆ ನೆಲಕಚ್ಚದಂತೆ ಹಿಡಿದದ್ದು ಆ ಏರ್ಪಾಡೇ. ಹಾಗೆಯೇ ಅದೇ ಕಾಫಿಯನ್ನು ಅಗ್ಗದ ಬೆಲೆಗೆ ಬಟ್ಟಲಿನಲ್ಲಿ ಕೊಡುತ್ತಿದ್ದ ಇಂಡಿಯಾ ಕಾಫಿ ಹೌಸು ಬಹುಕಾಲ ಮಹಾತ್ಮಾ ಗಾಂಧಿ ರಸ್ತೆಯಲ್ಲಿಯೇ ಇದ್ದಿತು. 2009ರಲ್ಲಿ ಅದು ಚರ್ಚ್ ಸ್ಟ್ರೀಟಿಗೆ ಹೋಯಿತು. ಗಂಟೆಗಟ್ಟಲೆ ಒಂದು ಬಟ್ಟಲಿನ ಮುಂದೆ ಕುಳಿತವನನ್ನು ಎಬ್ಬಿಸದ ಆ ಜಾಗ ಆ ರಸ್ತೆಗೆ ಉಳಿದಿದ್ದ ಜಗಲಿ.

ಯುಟಿಲಿಟಿ ಬಿಲ್ಡಿಂಗಿನ ತರುವಾಯ ಬಂದವು ಮಾಲುಗಳು. ಕನ್ನಡದಲ್ಲಿ ಮಾಲು ಎಂದರೆ ಸರಕೆಂದು ಅರ್ಥವಿರುವುದರಿಂದ ಆ ಹೆಸರು ಕಿವಿಗೆ ಸಹಜವಾಗಿ ಹತ್ತಿತು. ಆದರೆ ಇಂಗ್ಲಿಷಿನ ಶಬ್ದದ ಮೂಲ ಬೇರೆ. ಲಂಡನ್ನಿನಲ್ಲಿ ಹಿಂದೆ ಒಂದು ಬಗೆಯ ಚೆಂಡಾಟಕ್ಕೆಂದು ಮರಗಳ ಸಾಲಿನ ನಡುವೆ ಹಾದಿಯನ್ನು ಬಿಟ್ಟಿದ್ದರು. ಆಟ ಮರೆತು ಹೋದ ಮೇಲೆ ಅಲ್ಲಿ ಜನ ಸುಮ್ಮನೆ ಅಡ್ಡಾಡತೊಡಗಿದರು. ಅಡ್ಡಾಡುವ ನೆರಳಿನ ಹಾದಿಗೆಲ್ಲ ಅದೇ ಹೆಸರಾಯಿತು. ಹೀಗೆ ನೋಡಿದರೆ ಬೆಂಗಳೂರಿನಲ್ಲಿ ಮಾಲೆಂದು ಕರೆಯಲು ನಿಜವಾಗಿ ತಕ್ಕದ್ದು ಸೌತ್ ಪೆರೇಡಿನ ಮೈದಾನದ ಬದಿಯ ಕಾಲುದಾರಿ. ಮೆಟ್ರೋ ರೈಲಿನ ಮೇಲುಸೇತುವೆಗಾಗಿ ಆ ಮರಗಳು ಹೋದುವು. 2011ರ ಅಕ್ಟೋಬರ್ 20ರಂದು ಮೊದಲ ರೈಲು ಅಲ್ಲಿಂದ ಬೈಯಪ್ಪನಹಳ್ಳಿಗೆ ಓಡಿತು. ಮರ ಹೋದುದಕ್ಕೆ ಮರುಗಿದವರು ಬಹಳ. ಆದರೂ ದೂರದ ಬಡಾವಣೆಯ ಜನ ಸುಲಭವಾಗಿ ಆ ರಸ್ತೆಗೆ ಬಂದು ಇಳಿಯುವಂತಾದುದು ಆ ರೈಲಿನಿಂದಲೇ ಎಂಬುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಗೋಡೆಯೊಳಗಿನ ಮಾಲಿಗೆ ಅಮೆರಿಕದಲ್ಲಿ ರೂಪ ಕೊಟ್ಟವರು ಆಸ್ಟ್ರಿಯದಿಂದ ಹೋಗಿ ನೆಲಸಿದ ವಿಕ್ಟರ್ ಗ್ರೂಯೆನ್. 1956ರಲ್ಲಿ ಮಿನೆಸೋಟದಲ್ಲಿ ಅವರು ರಚಿಸಿದ ಸೌತ್‌ಡೇಲ್ ಎಂಬುದು ಮೇಲ್ಛಾವಣಿಯುಳ್ಳ ಇಂಥ ಕಟ್ಟಡಗಳಿಗೆ ಮೇಲ್ಪಂಕ್ತಿಯಾಯಿತು. ಜನ ಕೂಡುವ ಚೌಕವನ್ನು ಊರಿನ ಹೊರವಲಯಕ್ಕೂ ತರಬೇಕೆಂಬುದು ಅವರ ಆಸೆ. ಬೆಳೆದು ಬಂದುದು ಬರಿಯ ವ್ಯಾಪಾರವೆಂದು ಕಂಡು ಮುಪ್ಪಿನಲ್ಲಿ ಅವರು ತಮ್ಮ ಸಂತಾನವನ್ನೇ ಒಪ್ಪದೆ ಹೋದರು. ಬೆಂಗಳೂರಿನಲ್ಲಿ 2004ರಲ್ಲಿ ಕೋರಮಂಗಲದ ಫೋರಂ ಮಾಲು ತೆರೆಯಿತು. 2008ರಲ್ಲಿ ವಿಠಲ ಮಲ್ಯ ರಸ್ತೆಯಲ್ಲಿ, ಹಿಂದೆ ಬಿಯರು ತಯಾರಿಸುತ್ತಿದ್ದ ನೆಲದ ಮೇಲೆ, ಯುಬಿ ಸಿಟಿ ಪ್ರಾರಂಭವಾಯಿತು. ಬುಡದಲ್ಲಿ ಅಂಗಡಿ, ಮೇಲೆ ಕಚೇರಿಗಳ ಗೋಪುರಗಳು. ಯುಟಿಲಿಟಿ ಬಿಲ್ಡಿಂಗಿನ ಕಥಾವಸ್ತುವೇ, ಭಾಷೆ ಮಾತ್ರ ಬೇರೆ. ಹೊಳಪಿನಲ್ಲಿಯೂ ಕುಸುರಿಯಲ್ಲಿಯೂ ಹಳೆಯದು ಹೊಸದರ ಮುಂದೆ ನಿಲ್ಲಲಾರದು. ಯುಬಿ ಸಿಟಿಯಲ್ಲಿ ಬಯಲು ರಂಗಸ್ಥಳವೂ ಇದೆ. ಅದರ ರಚನಕಾರರಿಗೆ ಜನ ಕೂಡುವ ಜಾಗದ ಬೆಲೆ ಗೊತ್ತಿರಲಿಲ್ಲವೆಂದು ಹೇಳುವಂತಿಲ್ಲ. ಆದರೆ ಅಲ್ಲಿಯ ಮಳಿಗೆಗಳು ಲೋಕಪ್ರಸಿದ್ಧವಾದ ಬೆಲೆಬಾಳುವ ಸರಕಿನವು. ಸಾಮಾನ್ಯ ಸಂಸಾರದವರು ಅಲ್ಲಿಗೆ ಹೋದರೆ ನೋಡಿ ಬರಲು ಹೋಗುವರೇ ಹೊರತು ಕೊಂಡು ಬರಲು ಅಲ್ಲ.

ನೋಡಿ ಬರುವುದಕ್ಕೂ ಬಾಗಿಲು ತೆರೆದಿರಬೇಕಲ್ಲವೆ? 2024ರ ಜುಲೈ ತಿಂಗಳಲ್ಲಿ ಮಾಗಡಿ ರಸ್ತೆಯ ಒಂದು ಮಾಲಿನ ಬಾಗಿಲಲ್ಲಿ, ಮಗನೊಡನೆ ಸಿನಿಮಾ ನೋಡಲು ಬಂದ ಹಾವೇರಿ ಕಡೆಯ ವೃದ್ಧ ರೈತರೊಬ್ಬರನ್ನು ಪಂಚೆಯುಟ್ಟಿದ್ದಾರೆಂಬ ಕಾರಣಕ್ಕೆ ಕಾವಲುಗಾರರು ತಡೆದರು. ಟಿಕೆಟು ಅವರ ಕೈಯಲ್ಲಿಯೇ ಇದ್ದಿತು. ಸುದ್ದಿ ನಾಡೆಲ್ಲ ಹಬ್ಬಿತು, ವಿಧಾನಸಭೆಯಲ್ಲಿ ಚರ್ಚೆಯಾಯಿತು, ಆ ಮಾಲನ್ನು ಏಳು ದಿನ ಮುಚ್ಚಿಸುವುದಾಗಿ ಸರ್ಕಾರ ಪ್ರಕಟಿಸಿತು. ಕಾವಲುಗಾರನೂ ಬಹುಶಃ ಪಂಚೆಯುಡುವ ಮನೆಯಿಂದಲೇ ಬಂದವನಾಗಿದ್ದಾನು. ಅವನನ್ನು ಬೈದು ಫಲವಿಲ್ಲ. ವಿಚಾರಿಸಬೇಕಾದುದು, ಪೇಟೆಗೆ ಬಾಗಿಲೆಂಬುದು ಏಕೆ ಬಂತು, ಬಾಗಿಲಿಗೆ ಕಾವಲು ಏಕೆ ಬಂತು ಎಂಬುದನ್ನು. ಸಂತೆಗೆ ಬಾಗಿಲಿಲ್ಲ. ಅಕ್ಕಿಪೇಟೆಗೆ ಒಂದು ಕಾಲದಲ್ಲಿ ಕೋಟೆಯ ಬಾಗಿಲಿದ್ದಿತು, ಅದು ಶತ್ರುವಿಗಾಗಿ. ಗಿರಾಕಿಯನ್ನೇ ಶೋಧಿಸಿ ಒಳಗೆ ಬಿಡುವ ಪೇಟೆ ಹೊಸದು.

ಈ ಒರೆಗಲ್ಲಿಗೆ ಉಜ್ಜಿದಾಗ ಯುಟಿಲಿಟಿ ಬಿಲ್ಡಿಂಗಿನ ಬಣ್ಣ ಬದಲಾಗುತ್ತದೆ. ಅದರ ಮೈ ಸೊಗಸಿಲ್ಲ. ಲಿಫ್ಟಿನ ಬಾಗಿಲುಗಳ ಮುಂದೆ ಬೀದಿ ಸತ್ತಿದೆ. ಬೀದಿಗೆ ಅದು ಕೊಟ್ಟ ಜಗಲಿ ಸಾಲದು. ಇಷ್ಟಾದರೂ ಅದು ಊರಿನ ಆಡಳಿತದ ಸ್ವತ್ತು. ಅದರ ಒಡೆಯ ಯಾರೆಂದರೆ ಚುನಾವಣೆಯಲ್ಲಿ ಮತ ಕೊಡುವ ಪಂಚೆಯವನೇ. ಆ ಹೆಸರಿನಲ್ಲಿ ಒಂದು ವಚನ ಇದೆ. ಖಾಸಗಿ ಗೋಪುರಗಳ ಹೆಸರಿನಲ್ಲಿ ಅಂಥ ವಚನವಿಲ್ಲ, ಆದುದರಿಂದ ಅವುಗಳನ್ನು ವಚನಭ್ರಷ್ಟವೆನ್ನುವ ಹಾಗೂ ಇಲ್ಲ. ಕನ್ನಡದಲ್ಲಿ ಅದಕ್ಕೊಂದು ಹೆಸರು ಬಳಕೆಗೆ ಬಂದಿದ್ದರೆ ವಚನವು ಇನ್ನೂ ಸ್ಪಷ್ಟವಾಗುತ್ತಿದ್ದಿತೇನೋ. ‘ಯುಟಿಲಿಟಿ’ ಎಂಬುದು ಬಾಯಲ್ಲಿ ಉರುಳಿ ಉರುಳಿ ಅರ್ಥ ಸವೆದ ನಾಣ್ಯವಾಗಿದೆ. ‘ಎಲ್ಲರಿಗೂ ಉಪಯೋಗವಾಗುವ ಕಟ್ಟಡ’ ಎಂದು ಯಾರಾದರೂ ಬಿಡಿಸಿ ಹೇಳಿದರೆ ಕೇಳುವವನು ಒಮ್ಮೆ ತಲೆಯೆತ್ತಿ ನೋಡಿ, ಹೌದೇ ಎಂದು ಕೇಳಬಹುದು.

ಎತ್ತರವನ್ನು ಸಮರ್ಥಿಸುವವರ ಮಾತನ್ನೂ ಕೇಳಬೇಕು. ಅವರ ವಾದ ಗಟ್ಟಿಯಾದುದು. ಊರು ಅಡ್ಡಕ್ಕೆ ಬೆಳೆದರೆ ಕೆರೆ, ಗದ್ದೆ, ತೋಪುಗಳನ್ನು ನುಂಗುತ್ತದೆ. ಉದ್ದಕ್ಕೆ ಬೆಳೆದರೆ ಅವು ಉಳಿಯುವುವು. ಬೆಂಗಳೂರು ಅಡ್ಡಕ್ಕೆ ಬೆಳೆದು ಎಷ್ಟು ಕೆರೆಗಳನ್ನು ಕಳೆದುಕೊಂಡಿತೆಂಬುದು ಎಲ್ಲರಿಗೂ ತಿಳಿದದ್ದು. ಮೇಲಾಗಿ, ನಗರಾಡಳಿತವು ತನ್ನ ನೆಲದ ಮೇಲೆ ತಾನೇ ಕಟ್ಟಿ ಬಾಡಿಗೆ ಪಡೆದರೆ ಆ ಹಣ ಊರಿಗೇ ಸೇರುವುದು. ಇವೆರಡೂ ಒಪ್ಪತಕ್ಕ ಮಾತುಗಳೇ. ಆದರೆ ಸಾರ್ವಜನಿಕ ಸಂಸ್ಥೆ ಮನೆಯೊಡೆಯನಾದಾಗ ಒಂದು ಧರ್ಮಸಂಕಟ ಹುಟ್ಟುತ್ತದೆ. ಬಾಡಿಗೆಯನ್ನು ಪೇಟೆಯ ಮಟ್ಟಕ್ಕೆ ಏರಿಸಿದರೆ ಸಣ್ಣ ವ್ಯಾಪಾರಿ ಓಡುತ್ತಾನೆ. ಏರಿಸದಿದ್ದರೆ ಲಿಫ್ಟಿನ ದುರಸ್ತಿಗೆ ಹಣ ಹುಟ್ಟುವುದಿಲ್ಲ. ಎತ್ತರದ ಕಟ್ಟಡದಲ್ಲಿ ದುರಸ್ತಿಯೆಂಬುದು ಅಂದಚೆಂದದ ಮಾತಲ್ಲ. ಮದರಾಸಿನ ಜೀವವಿಮಾ ಕಟ್ಟಡಕ್ಕೆ 1975ರಲ್ಲಿ ಬೆಂಕಿ ಬಿದ್ದಿತು. 2010ರ ಫೆಬ್ರವರಿ 23ರಂದು ಬೆಂಗಳೂರಿನ ಹಳೆಯ ವಿಮಾನ ನಿಲ್ದಾಣದ ರಸ್ತೆಯ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ ಹೊಗೆ ತುಂಬಿ ಒಂಬತ್ತು ಮಂದಿ ಅಸುನೀಗಿದರು. ಕೆಲವರು ಉಸಿರುಗಟ್ಟಿ, ಕೆಲವರು ಕಿಟಕಿಯಿಂದ ಹಾರಿ. ಅದು 25 ಅಂತಸ್ತಿನದಲ್ಲ, ಏಳು ಅಂತಸ್ತಿನದು. ಅಂಗಡಿಗೆ ಬೆಂಕಿ ಬಿದ್ದರೆ ಬೀದಿಗೆ ಓಡಬಹುದು. ಮೇಲಿನ ಅಂತಸ್ತಿನ ಗುಮಾಸ್ತೆಗೆ ಬೀದಿಯೆಂದರೆ ಮೆಟ್ಟಿಲು ಮಾತ್ರ. ಆ ಮೆಟ್ಟಿಲಿನಲ್ಲಿ ಹಳೆಯ ಬೀರು ಇಟ್ಟಿದ್ದರೆ, ಬಾಗಿಲಿಗೆ ಬೀಗ ಹಾಕಿದ್ದರೆ, ಅವನಿಗೆ ಬೀದಿಯೇ ಇಲ್ಲ.

ಬೆಂಗಳೂರಿನ ಈ ಮಾತು ಸೋಮವಾರಪೇಟೆಯವರಿಗೆ ಏಕೆ ಬೇಕೆಂದರೆ, ದೊಡ್ಡ ಊರಿನ ಕಟ್ಟಡಗಳು ಸಣ್ಣ ಊರುಗಳಿಗೆ ಸಣ್ಣ ಪ್ರತಿಗಳಾಗಿ ಬರುತ್ತವೆ. ಗಗನಚುಂಬಿ ಬಾರದು; ಅದರ ಮನೋಧರ್ಮ ಬರುವುದು. ತಾಲ್ಲೂಕಿನ ಪಟ್ಟಣಗಳಲ್ಲಿ ಎಲ್ಲೆಲ್ಲಿಯೂ ಕಾಂಪ್ಲೆಕ್ಸ್ ಎಂಬ ಹೆಸರಿನ ಕಟ್ಟಡಗಳು ಎದ್ದಿವೆ. ಕೆಳಗೆ ರಸ್ತೆಯ ಅಂಚಿಗೇ ಕಬ್ಬಿಣದ ಷಟರಿನ ಮಳಿಗೆಗಳು; ಮೇಲೆ ಬ್ಯಾಂಕು, ವಕೀಲರ ಕಚೇರಿ, ವಿಮೆಯವರು. ಮಲೆನಾಡಿನ ಹಳೆಯ ಅಂಗಡಿಗೆ ಇಳಿಜಾರಿನ ಹೆಂಚಿನ ಮಾಡು ಮುಂದೆ ಚಾಚಿ ಜಗಲಿಯನ್ನು ಕಾಯುತ್ತಿದ್ದಿತು. ಆಷಾಢದ ಮಳೆಯಲ್ಲಿ ಕೊಳ್ಳುವವನೂ ಕೊಳ್ಳದವನೂ ಅದರ ಕೆಳಗೆ ನಿಲ್ಲುತ್ತಿದ್ದರು. ಹೊಸ ಮಳಿಗೆಗೆ ತಟ್ಟೆಯಂತಹ ತಾರಸಿ. ಮಳೆ ಬಂದರೆ ಗಿರಾಕಿ ಒಳಗೆ ಬರಬೇಕು, ಇಲ್ಲವೆ ನೆನೆಯಬೇಕು. ವರ್ಷದ ಮೂರು ನಾಲ್ಕು ತಿಂಗಳು ಮಳೆ ಹೊಯ್ಯುವ ಸೀಮೆಯಲ್ಲಿ ಇದಕ್ಕಿಂತ ದೊಡ್ಡ ಅನೌಚಿತ್ಯ ಹುಡುಕಿದರೂ ಸಿಗದು. ಗುಡ್ಡದ ಮಣ್ಣನ್ನು ಕಡಿದು ಎತ್ತರಕ್ಕೆ ಕಟ್ಟುವುದರ ಅಪಾಯವನ್ನು ಹೇಳಬೇಕಾಗಿಯೇ ಇಲ್ಲ. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಬೆಟ್ಟಗಳು ಜರಿದು ಮನೆ, ತೋಟ, ರಸ್ತೆಗಳನ್ನು ಕೊಂಡೊಯ್ದುದನ್ನು ಇಲ್ಲಿಯ ಸಂಸಾರಗಳು ಮರೆತಿಲ್ಲ.

ಪಟ್ಟಣ ಪಂಚಾಯಿತಿಗಳು ತಾವೇ ಮಳಿಗೆ ಕಟ್ಟಿಸುವ ಯೋಜನೆ ಮಾಡುವಾಗ ಯುಟಿಲಿಟಿ ಬಿಲ್ಡಿಂಗಿನ ಎತ್ತರವನ್ನು ನೆನೆಯದೆ ಅದರ ಹೆಸರನ್ನು ನೆನೆದರೆ ಒಳ್ಳೆಯದಾದೀತು. ಮುಂದೆ ಚಾಚಿದ ಮಾಡು, ಕೂರಲು ಜಗಲಿ, ವಾರದ ಸಂತೆಗೆ ಬರುವ ಹಳ್ಳಿಯ ಹೆಂಗಸರಿಗೆ ಶುಚಿಯಾದ ಶೌಚಗೃಹ, ಕುಡಿಯುವ ನೀರು, ಮುದುಕರು ಹತ್ತಬಲ್ಲ ಮೆಟ್ಟಿಲು: ಇವುಗಳಿಗೆ ಶಿಲ್ಪಶಾಸ್ತ್ರದ ಪಾಂಡಿತ್ಯ ಬೇಕಿಲ್ಲ. ಮೆಟ್ಟಿಲ ಮಾತು ಸಣ್ಣದಾಗಿ ಕಾಣಬಹುದು. ಆದರೆ ವೃದ್ಧಾಪ್ಯದ ವೇತನಕ್ಕಾಗಿ ಹೋಗುವವರು ಕೊಡೆಯನ್ನು ಒಂದು ಕೈಯಲ್ಲಿ, ಪಾಸುಬುಕ್ಕನ್ನು ಇನ್ನೊಂದು ಕೈಯಲ್ಲಿ ಹಿಡಿದಿರುತ್ತಾರೆ. ಬ್ಯಾಂಕು ಇರುವುದು ಮೊದಲ ಮಹಡಿಯಲ್ಲಿ. ಗೋಡೆಗೆ ಹಿಡಿಕಂಬಿಯನ್ನು ಹಾಕಿಸಲು ಕಟ್ಟಿದವರಿಗೆ ತೋಚಿರುವುದಿಲ್ಲ.